ಮಂಗಳೂರು ಒಂದೇ ಸಾಕು

ಮಂಗಳೂರಿಗೆ ಹೊರಟಿದ್ದೇವೆ ಎಂದ ಕೂಡಲೇ ಪರಿಚಯದವರೆಲ್ಲ ಪಟ್ಟಿ ಕೊಡತೊಡಗಿದರು: ಉಡುಪಿ, ಮಲ್ಪೆ, ಕೊಲ್ಲೂರು, ಮುರುಡೇಶ್ವರ, ಬರುವಾಗ ಹಾಗೇ ಧರ್ಮಸ್ಥಳ. ಅಷ್ಟನ್ನೂ ಒಂದೇ ವಾರಾಂತ್ಯದಲ್ಲಿ ಮುಗಿಸಲು ಹೊರಟರೆ ಗಂಡ ಹೆಂಡತಿಯ ನಡುವೆ ಉಳಿಯುವುದು ದಾರಿ, ಪಾರ್ಕಿಂಗು, ದರ್ಶನದ ಸಾಲಿನ ಮಾತು ಮಾತ್ರ. ಹಾಗಾಗಿ ಇವರೂ ನಾನೂ ಮನೆಯಲ್ಲೇ ಮಾತಾಡಿಕೊಂಡೆವು. ನಗರ ಬಿಟ್ಟು ಆಚೆ ಹೋಗುವುದಿಲ್ಲ, ಕಾರೂ ಬೇಡ. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದೆವು.

ಇವರಿಗೆ ಚಿತ್ರ, ಶಿಲ್ಪಕ್ಕಿಂತ ಹಳೆ ಬಂದರಿನ ದಕ್ಕೆಯೇ ಪ್ರೀತಿ. ಬೆಳಗಿನ ಜಾವ ಒಬ್ಬರೇ ಎದ್ದು ಹೋದರು; ನಾನು ಮಲಗಿಯೇ ಇದ್ದೆ. ತಿಂಡಿಗೆ ಕುಳಿತಾಗ ಬುಟ್ಟಿಗಟ್ಟಲೆ ಬಂಗುಡೆ, ಬೂತಾಯಿ, ತುಳುವಿನಲ್ಲಿ ಬಿರುಸಾಗಿ ಚೌಕಾಸಿ ಮಾಡುವ ಹೆಂಗಸರು, ಎಲ್ಲವನ್ನೂ ಬಿಸಿ ಬನ್ಸ್ ಮುರಿಯುತ್ತಾ ಹೇಳಿದರು. ಅಷ್ಟು ಹುರುಪಿನಿಂದ ಅವರು ಮಾತಾಡಿದ್ದನ್ನು ಕೇಳಿ ಬಹಳ ಕಾಲವಾಗಿತ್ತು. ಜೊತೆಗೆ ಹೋದ ಮಾತ್ರಕ್ಕೆ ಎಲ್ಲವನ್ನೂ ಜೊತೆಯಾಗಿಯೇ ನೋಡಬೇಕಿಲ್ಲ ಎಂದು ನನಗೆ ಹೊಳೆದದ್ದು ಅಲ್ಲಿಯೇ.

ನನ್ನ ಪಾಲಿನದು ಸಂತ ಅಲೋಶಿಯಸ್ ಚಾಪೆಲ್. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೆನಿ ಎಂಬ ಜೆಸ್ವಿಟ್ ಕಲಾವಿದ 1899ರ ಸುಮಾರಿಗೆ ಇಲ್ಲಿ ಕೆಲಸ ಹಿಡಿದು, ಗೋಡೆಗಳ ಹಸಿ ಗಾರೆಯ ಮೇಲೆ ನೇರವಾಗಿಯೂ ಚಾವಣಿಗೆ ಕ್ಯಾನ್‌ವಾಸಿನ ಮೇಲೆ ತೈಲವರ್ಣದಲ್ಲಿಯೂ ಬರೆದ. ಹಸಿ ಗಾರೆ ಒಣಗುವುದರೊಳಗೆ ಬಣ್ಣ ಹಚ್ಚಿ ಮುಗಿಸಬೇಕು, ತಿದ್ದಲು ಅವಕಾಶ ಕಡಿಮೆ. ಬೆಂಚಿನ ಮೇಲೆ ಕತ್ತೆತ್ತಿ ಎಷ್ಟು ಹೊತ್ತು ಕುಳಿತೆನೋ. ಇವರು ಒಮ್ಮೆಯೂ ಗಡಿಯಾರ ನೋಡಲಿಲ್ಲ.

ಮಧ್ಯಾಹ್ನವನ್ನು ಕರಾವಳಿಯ ಸೆಕೆಗೇ ಬಿಟ್ಟುಬಿಡಬೇಕು. ಕುಚ್ಚಲಕ್ಕಿ ಅನ್ನ, ಮೀನಿನ ಗಸಿ, ಒಂದು ತುಂಡು ಅಂಜಲ್ ಫ್ರೈ. ಆಮೇಲೆ ಕೋಣೆಯಲ್ಲಿ ಫ್ಯಾನಿನಡಿ ನಿದ್ದೆ. ಈ ನಿದ್ದೆಯನ್ನು ಕಡಿತ ಮಾಡಿ ಇನ್ನೊಂದು ಜಾಗ ಸೇರಿಸುವುದು ಶುದ್ಧ ನಷ್ಟ.

ಬಿಸಿಲು ಇಳಿದ ಮೇಲೆ ಸುಲ್ತಾನ್ ಬತ್ತೇರಿಗೆ ಹೋದೆವು. ಟಿಪ್ಪು ಕಾಲದ ಕಪ್ಪು ಕಲ್ಲಿನ ಕಾವಲು ಗೋಪುರದ ಪಕ್ಕದಲ್ಲೇ ದೋಣಿ ಸಿಗುತ್ತದೆ. ಗುರುಪುರ ನದಿ ದಾಟಿದರೆ ತಣ್ಣೀರುಬಾವಿ, ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು. ಪಣಂಬೂರು ಕಡಲತೀರದ ಜನಜಂಗುಳಿಗಿಂತ ನನಗೆ ಇದೇ ಮೇಲು. ಮಕ್ಕಳ ಕಾಲೇಜು, ಅತ್ತೆಯವರ ಮೊಣಕಾಲು, ಮುಂದೆ ಎಲ್ಲಿ ನೆಲೆಸುವುದು, ಮನೆಯಲ್ಲಿ ಅರ್ಧಕ್ಕೇ ನಿಲ್ಲುತ್ತಿದ್ದ ಮಾತುಗಳು ಮರಳಿನ ಮೇಲೆ ಕುಳಿತು ಕೊನೆಯವರೆಗೂ ಹೋದವು.

ವಾಪಸು ಬರಲು ಹಗಲು ರೈಲನ್ನೇ ಆರಿಸಿಕೊಳ್ಳಿ. ಸುಬ್ರಹ್ಮಣ್ಯ ರಸ್ತೆಯಿಂದ ಸಕಲೇಶಪುರದವರೆಗಿನ ಘಟ್ಟದಲ್ಲಿ 57 ಸುರಂಗಗಳಿವೆ. 2021ರಲ್ಲಿ ಈ ಮಾರ್ಗಕ್ಕೆ ಬಂದ ವಿಸ್ಟಾಡೋಮ್ ಬೋಗಿಯ ಸೀಟು ಸಿಕ್ಕರೆ ಬಿಡಬೇಡಿ. ಹೋಗುವುದಾದರೆ ಡಿಸೆಂಬರ್, ಜನವರಿ ಒಳ್ಳೆಯದು. ಮಳೆಗಾಲದಲ್ಲಿ ಹೋದರೂ ನಗರ ಚೆಂದವೇ, ಆದರೆ ಆಗ ಮಾತ್ರ ಕಡಲಿಗೆ ಇಳಿಯಬೇಡಿ.