ಮಿಡಿ ಉಪ್ಪಿನಕಾಯಿಗೆ ಕೂಲಿಯೂ ಸೇರಲಿ

ರಾಗಿಗುಡ್ಡದ ಸಹೋದರಿಗೆ,

ಖರ್ಚು ತಗ್ಗಿಸಲು ನೀವು ಮಕ್ಕಳ ಹಾಲು ನಿಲ್ಲಿಸಿದ್ದು ನನಗೆ ಸರಿ ಕಾಣಲಿಲ್ಲ. ನಾಳೆಯಿಂದಲೇ ಮತ್ತೆ ತನ್ನಿ. ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬಂದಾಗಲೆಲ್ಲ ಮೊದಲು ಕಿರಾಣಿ ಅಂಗಡಿಯ ಸಾಲ ತೀರಿಸಿ.

ಉಪ್ಪಿನಕಾಯಿ ಮಾಡಿ ಮಾರಬೇಕೆಂದಿದ್ದೀರಿ; ನಿಮ್ಮ ಕೈರುಚಿಗೆ ಖಂಡಿತ ಬೆಲೆಯಿದೆ. ಬೇಸಿಗೆಯಲ್ಲಿ ಸಾಗರ, ರಿಪ್ಪನ್‌ಪೇಟೆ ಕಡೆಯ ಅಪ್ಪೆಮಿಡಿ ಬರುತ್ತದಲ್ಲ, ಸ್ವಲ್ಪವೇ ಕೊಂಡು ಶುರು ಮಾಡಿ. ತೊಟ್ಟು ಕಳಚಿದ, ಪೆಟ್ಟು ಬಿದ್ದ ಮಿಡಿ ಅಗ್ಗಕ್ಕೆ ಸಿಕ್ಕರೂ ಬೇಡ; ಒಂದು ಕೊಳೆತರೆ ಭರಣಿಯೇ ಕೆಡುತ್ತದೆ. ಉಪ್ಪಿನಲ್ಲಿ ಚೆನ್ನಾಗಿ ಸುಕ್ಕುಗಟ್ಟಿದ ಮೇಲೇ ಮಸಾಲೆ ಕಲಸಿ. ಮಿಡಿ, ಸಾಸಿವೆ, ಬಾಟಲಿಯ ಜತೆ ನಿಮ್ಮ ಕೂಲಿಯನ್ನೂ ಸೇರಿಸಿ ಬೆಲೆ ಕಟ್ಟಿ. ಹೆಂಗಸರು ಬಿಡುವುದೇ ಅದನ್ನು! ಆಹಾರ ಸುರಕ್ಷತಾ ನೋಂದಣಿಗೆ ವರ್ಷಕ್ಕೆ 100 ರೂಪಾಯಿ, ಮಾಡಿಸಿಕೊಂಡೇ ಮಾರಿ. ಪರಿಚಯದವರಿಗೂ ಉದ್ರಿ ಕೊಡಬೇಡಿ.