ಜೀವಕೋಶವೂ ಅದರ ಸುತ್ತಲಿನ ದ್ರವವೂ

ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಗಂಜಿಯ ಹದವನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ. ತೆಳ್ಳಗಾದರೆ ಅದು ನೂಲಿಗೆ ಹಿಡಿಯುವುದಿಲ್ಲ. ತೀರ ಮಂದವಾದರೆ ಎಳೆಗೆ ಎಳೆ ಅಂಟಿ ಹಾಸು ಕೆಡುತ್ತದೆ. ಗಂಜಿಯನ್ನು ತಿರುವಿದ ಕೈಗೆ ಇನ್ನೊಂದು ಮಾತೂ ಗೊತ್ತು: ದ್ರವ ಮಂದವಾದಷ್ಟೂ ಅದರೊಳಗೆ ಕೋಲು ಆಡುವುದು ಕಷ್ಟ. ಈ ಮಂದತನಕ್ಕೆ ಶಾಸ್ತ್ರದಲ್ಲಿ ಸ್ನಿಗ್ಧತೆ ಎಂದು ಹೆಸರು. ದ್ರವದಲ್ಲಿ ಮೆಲ್ಲಗೆ ಇಳಿಯುವ ಗುಂಡಿಗೆ ಒದಗುವ ತಡೆಯು ಸ್ನಿಗ್ಧತೆಯ ಪ್ರಮಾಣದಲ್ಲಿಯೇ ಹೆಚ್ಚುತ್ತದೆಂದು 1851ರಲ್ಲಿ ಸ್ಟೋಕ್ಸ್ ಎಂಬ ಪಂಡಿತನು ಗಣಿತದಿಂದ ತೋರಿಸಿದನು.

ಇತಿಹಾಸ, ಕನ್ನಡಗಳನ್ನು ಓದುವ ಬಿ.ಎ. ವಿದ್ಯಾರ್ಥಿಗೆ ಈ ಉಸಾಬರಿ ಏಕೆಂದು ವಾಚಕ ಮಿತ್ರರು ಕೇಳಬಹುದು. ನಮ್ಮ ದೊಡ್ಡವ್ವನಿಗೆ ಎದೆಯಲ್ಲಿ ಗಂಟಾಗಿತ್ತು. ಅದನ್ನು ತೆಗೆದ ಮೇಲೂ ರೋಗವು ಪುಪ್ಪುಸದಲ್ಲಿ ಕಾಣಿಸಿಕೊಂಡಿತು. “ಎದಿಯಾಗಿನ ಗಂಟು ಅಲ್ಲೀತನಕಾ ಹೆಂಗ ಹೋತೋ ತಮ್ಮಾ? ನೀ ಕಾಲೇಜು ಓದಾಂವ, ಹೇಳು” ಎಂದು ಆಕೆ ಕೇಳಿದಳು. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದರೂ ಉತ್ತರ ತಿಳಿಯಲಿಲ್ಲ. ಆಕೆ ಹೋದ ಮೇಲೆ ಓದತೊಡಗಿದೆ.

ನಮ್ಮ ಶರೀರದಲ್ಲಿ ಯಾವ ಜೀವಕೋಶವೂ ಒಣನೆಲದ ಮೇಲಿಲ್ಲ. ಪ್ರತಿಯೊಂದರ ಸುತ್ತಲೂ ದ್ರವವಿದೆ. ರಕ್ತದ ಸ್ನಿಗ್ಧತೆಯು ನೀರಿನದಕ್ಕಿಂತ ಮೂರು ನಾಲ್ಕು ಪಟ್ಟು. ಕಫದ್ದು ಅದಕ್ಕೂ ಬಹಳ ಹೆಚ್ಚು. ಆದರೆ ಪ್ರಯೋಗಶಾಲೆಗಳಲ್ಲಿ ಕೋಶಗಳನ್ನು ಬಹುಕಾಲ ನೀರಿನಷ್ಟೇ ತೆಳುವಾದ ದ್ರವದಲ್ಲಿ ಇಟ್ಟು ನೋಡುವುದೇ ರೂಢಿಯಾಗಿತ್ತು. ಅಮೇರಿಕೆಯ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕಾನ್‌ಸ್ಟಾಂಟೋಪೌಲೋಸ್ ಮತ್ತು ಸಂಗಡಿಗರು ಆ ದ್ರವವನ್ನು ಸುಮಾರು 10 ಪಟ್ಟು ಮಂದಮಾಡಿ, ಸ್ತನದ ಕ್ಯಾನ್ಸರ್ ಕೋಶಗಳನ್ನು ಅದರಲ್ಲಿ ಬಿಟ್ಟು ನೋಡಿದರು. ಮಂದಮಾಡಲು ಬೆರೆಸಿದ್ದು ಮೀಥೈಲ್ ಸೆಲ್ಯುಲೋಸ್. ಸೆಲ್ಯುಲೋಸೆಂದರೆ ನಮ್ಮ ಹತ್ತಿಯ ನೂಲಿನ ಮೂಲದ್ರವ್ಯವೇ! ಇದನ್ನು ಓದಿದಾಗ ನನಗೆ ಪರಿಚಿತರು ಸಿಕ್ಕಂತಾಯಿತು.

2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಫಲ ವಿಚಿತ್ರವಾಗಿದೆ. ಕೋಶಗಳು ನಿಧಾನವಾಗಲಿಲ್ಲ, ಹೆಚ್ಚು ವೇಗವಾಗಿ ಸರಿದವು. ಸ್ಟೋಕ್ಸನ ನಿಯಮ ಸುಳ್ಳಾಯಿತೇ? ಇಲ್ಲ. ಅವನ ಗುಂಡು ಜಡ. ಕೋಶವೋ ದುಡಿಯುವ ಜೀವ. ಎದುರಿಗೆ ತಡೆ ಹೆಚ್ಚಿದಾಗ ಅದು ತನ್ನ ಮುಂಚೂಣಿಯಲ್ಲಿ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳನ್ನು ಒತ್ತಾಗಿ ಹೆಣೆಯುತ್ತದೆ. ಪೊರೆಯಲ್ಲಿರುವ ಸೋಡಿಯಮ್ ಸಾಗಿಸುವ ಪ್ರೋಟೀನಿನ ಮೂಲಕ ನೀರು ಒಳಬರಲು ಅನುಕೂಲವಾಗಿ ಕೋಶ ಉಬ್ಬುತ್ತದೆ, ಪೊರೆ ಬಿಗಿಯುತ್ತದೆ. ಆ ಬಿಗಿತಕ್ಕೆ ಟಿ.ಆರ್.ಪಿ.ವಿ.4 ಎಂಬ ಬಾಗಿಲು ತೆರೆದು ಕ್ಯಾಲ್ಸಿಯಮ್ ಒಳನುಗ್ಗುತ್ತದೆ. ಅದರಿಂದ ಕೋಶದ ಕುಗ್ಗುವ ಶಕ್ತಿ ಹೆಚ್ಚಿ ಅದು ತನ್ನನ್ನು ಮುಂದೆ ಎಳೆದುಕೊಳ್ಳುತ್ತದೆ.

ಇದಕ್ಕಿಂತಲೂ ನನ್ನನ್ನು ಬೆರಗುಗೊಳಿಸಿದ್ದು ಇನ್ನೊಂದು. ಆರು ದಿನ ಮಂದ ದ್ರವದಲ್ಲಿದ್ದ ಕೋಶಗಳನ್ನು ತೆಳುವಾದ ದ್ರವಕ್ಕೆ ತಂದರೂ ಅವು ಆ ವೇಗವನ್ನು ಬಿಡಲಿಲ್ಲ. ಹೀಗೆ ‘ಪಳಗಿದ’ ಕೋಶಗಳನ್ನು ಇಲಿಗಳ ರಕ್ತದಲ್ಲಿ ಬಿಟ್ಟಾಗ ಪುಪ್ಪುಸದಲ್ಲಿ ಹೆಚ್ಚಾಗಿ ನೆಲೆಯೂರಿದವು. ಮಿದುಳೂ ನರವೂ ಇಲ್ಲದ ಒಂದು ಕಣಕ್ಕೆ ನೆನಪು! ಈ ಶಬ್ದ ಸಲ್ಲದೆಂದು ತತ್ತ್ವಶಾಸ್ತ್ರದ ಪ್ರಾಧ್ಯಾಪಕರು ಆಕ್ಷೇಪಿಸಬಹುದು. ನನಗೆ ಬೇರೆ ಶಬ್ದ ಹೊಳೆಯಲಿಲ್ಲ.

ಮಂದ ದ್ರವವನ್ನು ಲಾಭಕ್ಕೆ ತಿರುಗಿಸಿಕೊಳ್ಳುವ ಜೀವಿ ಇದೊಂದೇ ಅಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ನಮ್ಮೂರಿಗೆ ನುಗ್ಗಿ ಇಳಿದ ಮೇಲೆ ‘ಇಲಿಜ್ವರ’ದ ಹೆಸರನ್ನು ನಾನು ಮೊದಲು ಕೇಳಿದ್ದು, ನೆರೆಯ ನೀರು ನಿಂತಲ್ಲಿ ಅದರ ಭಯವಿರುತ್ತದೆ. ಅದನ್ನು ತರುವ ಲೆಪ್ಟೊಸ್ಪೈರಾ ಸುರುಳಿಯಾಕಾರದ ಸೂಕ್ಷ್ಮಜೀವಿ. ಅದೂ ಮಂದ ದ್ರವದಲ್ಲಿ ಹೆಚ್ಚು ಚುರುಕಾಗಿ ಈಜುತ್ತದೆಂದು 1975ರಲ್ಲಿಯೇ ಕಂಡುಕೊಂಡಿದ್ದರು. ತಿರುಪಿನ ಮೊಳೆ ಗಾಳಿಯಲ್ಲಿ ತಿರುಗಿದರೆ ಮುಂದೆ ಸಾಗದು, ಕಟ್ಟಿಗೆಯಲ್ಲಿ ಸಾಗುತ್ತದೆ. ಹಾಗೆಯೇ ಇದೂ ಎನ್ನಬಹುದು.

ಇಷ್ಟನ್ನು ತಿಳಿದು ದೊಡ್ಡವ್ವನ ಪ್ರಶ್ನೆಗೆ ಪೂರ್ಣ ಉತ್ತರ ಸಿಕ್ಕಿತೆಂದು ಹೇಳಲಾರೆ. ಕ್ಯಾನ್ಸರ್ ಹರಡಲು ಕಾರಣಗಳು ಹಲವು. ಸ್ನಿಗ್ಧತೆ ಅವುಗಳಲ್ಲಿ ಒಂದು ಮಾತ್ರ. ರಕ್ತವನ್ನು ತೆಳುಮಾಡುವ ಔಷಧ ಕುಡಿದರೆ ರೋಗ ನಿಲ್ಲುವುದೆಂದು ಯಾರೂ ಭ್ರಮಿಸಬಾರದು. ಈ ಪ್ರಯೋಗಗಳು ಹಾಗೆ ಹೇಳುವುದಿಲ್ಲ. ಅವು ನಡೆದದ್ದು ಗಾಜಿನ ತಟ್ಟೆಗಳಲ್ಲಿ, ಕೋಳಿಯ ಭ್ರೂಣದಲ್ಲಿ, ಸಣ್ಣ ಮೀನುಗಳಲ್ಲಿ, ಇಲಿಗಳಲ್ಲಿ. ಕ್ಯಾಲ್ಸಿಯಮ್ಮಿನ ಆ ಬಾಗಿಲನ್ನು ಇಲ್ಲವಾಗಿಸಿದಾಗ ಕೋಶಗಳಿಗೆ ಹಿಂದಿನ ನೆನಪು ಉಳಿಯಲಿಲ್ಲವೆಂಬುದನ್ನೂ ಅಲ್ಲಿಯೇ ಕಂಡರು. ಮನುಷ್ಯರ ಕ್ಯಾನ್ಸರಿಗೆ ಆ ಬಾಗಿಲನ್ನು ಮುಚ್ಚುವ ಔಷಧವಿನ್ನೂ ಬಳಕೆಗೆ ಬಂದಿಲ್ಲ.