ಕೈಗುಣ

ನಮ್ಮ ಬದಲಾಪುರದ ಕನ್ನಡದವರಲ್ಲಿ ಒಬ್ಬರ ಊರು ವಿಜಾಪುರ, ಇನ್ನೊಬ್ಬರದು ಉಡುಪಿ. ಮಾತಿನ ಧಾಟಿ ಬೇರೆ ಬೇರೆ. ಆದರೆ ಡಾಕ್ಟರ ವಿಷಯ ಬಂತೆಂದರೆ ಎಲ್ಲರ ಬಾಯಲ್ಲೂ ಒಂದೇ ಶಬ್ದ: ಕೈಗುಣ. "ಅವರ ಕೈಗುಣ ಚಲೋ ಐತ್ರೀ, ಒಂದು ಸೂಜಿ ಮಾಡಿದ್ರ ಸಾಕು." ಅದೇ ಔಷಧವನ್ನು ಪಕ್ಕದ ಗಲ್ಲಿಯ ಡಾಕ್ಟರು ಕೊಟ್ಟರೆ ನಾಟುವುದಿಲ್ಲವಂತೆ! ಕಾಲೇಜು ಮೆಟ್ಟಿಲು ಹತ್ತಿದ ನಾವು ಇದನ್ನು ಕೇಳಿ ನಗುತ್ತೇವೆ. ನಗುವ ಮೊದಲು ಸ್ವಲ್ಪ ನಿಲ್ಲೋಣ.

ಬರೀ ಸಕ್ಕರೆಯ ಗುಳಿಗೆಯನ್ನು ಮದ್ದೆಂದು ಕೊಟ್ಟರೂ ಕೆಲವರಿಗೆ ನೋವು ಇಳಿಯುತ್ತದೆ. ಇದಕ್ಕೆ ಪ್ಲಾಸಿಬೊ ಪರಿಣಾಮ ಎಂದು ಹೆಸರು. ಲ್ಯಾಟಿನ್ನಿನಲ್ಲಿ ಆ ಶಬ್ದಕ್ಕೆ 'ಮೆಚ್ಚಿಸುವೆನು' ಎಂದರ್ಥ. (ನಮ್ಮ ಕೈಗುಣವೇ ವಾಸಿ, ಅಲ್ಲವೆ?) ತಾನಾಗಿ ಇಳಿಯುವ ಜ್ವರವನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬಾರದು.

ಇದು ಹೇಗೆ ಆಗುತ್ತದೆ? ಒಂದು ಉತ್ತರ, ನಂಬಿಕೆ. ಗುಣವಾಗುತ್ತದೆ ಎಂಬ ನಿರೀಕ್ಷೆಯೇ ಮೈಯಲ್ಲಿ ಕೆಲಸ ಮಾಡುತ್ತದೆ. 1978ರಲ್ಲಿ ಲೆವಿನ್, ಗಾರ್ಡನ್, ಫೀಲ್ಡ್ಸ್ ಎಂಬ ಮೂವರು ದವಡೆ ಹಲ್ಲು ಕೀಳಿಸಿಕೊಂಡವರಿಗೆ ಹುಸಿಮದ್ದು ಕೊಟ್ಟರು. ನೋವು ಇಳಿದವರಿಗೆ ನಲಾಕ್ಸೋನ್ ಕೊಟ್ಟಾಗ ನೋವು ಮತ್ತೆ ಏರಿತು. ನಲಾಕ್ಸೋನ್ ಅಫೀಮಿನ ಜಾತಿಯ ಮದ್ದುಗಳನ್ನು ತಡೆಯುವಂಥದು. ಅಂದಮೇಲೆ ಹುಸಿಮದ್ದು ಪಡೆದವರ ಮೈಯೇ ತನ್ನೊಳಗೆ ಅಂಥದೊಂದು ನೋವುಶಾಮಕವನ್ನು ಹೊರಡಿಸಿತ್ತು ಎಂದಾಯಿತು. 'ಎಲ್ಲ ಮನಸ್ಸಿನ ಭ್ರಮೆ' ಎನ್ನುವವರು ಇದಕ್ಕೇನು ಹೇಳುತ್ತಾರೋ!

ಇನ್ನೊಂದು ಉತ್ತರ, ರೂಢಿ. ಪಾವ್ಲೋವನ ನಾಯಿಯ ಗಂಟೆಯ ಕಥೆ ಎಲ್ಲರಿಗೂ ಗೊತ್ತು. ಆತನ 1927ರ ಗ್ರಂಥದಲ್ಲಿ ಇನ್ನೊಂದು ನಾಯಿಯ ಪ್ರಸಂಗವಿದೆ. ದಿನವೂ ಮಾರ್ಫಿನ್ ಸೂಜಿ ಚುಚ್ಚಿಸಿಕೊಂಡ ನಾಯಿ ಕೆಲ ದಿನಗಳ ಮೇಲೆ ಸೂಜಿಯ ತಯಾರಿ ಕಂಡರೇ ಸಾಕು, ಜೊಲ್ಲು ಸುರಿಸಿ, ವಾಂತಿ ಮಾಡಿ, ತೂಕಡಿಸುತ್ತಿತ್ತಂತೆ. ನಾಯಿಗೆಲ್ಲಿಯ ನಂಬಿಕೆ? 1975ರಲ್ಲಿ ಏಡರ್ ಮತ್ತು ಕೊಹೆನ್ ಇಲಿಗಳಿಗೆ ಸ್ಯಾಕರಿನ್ ನೀರು ಕುಡಿಸಿ, ಜೊತೆಗೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಮದ್ದು ಚುಚ್ಚಿದರು. ಆಮೇಲೆ ಸಿಹಿ ನೀರನ್ನಷ್ಟೇ ಕೊಟ್ಟರೂ ಆ ಶಕ್ತಿ ಕುಗ್ಗಿತು.

ಹಾಗಾದರೆ ಯಾವುದು ಸರಿ? ಎರಡೂ ಸರಿ, ಆದರೆ ಜಾಗ ಬೇರೆ. ಇಟಲಿಯ ಬೆನೆದೆತ್ತಿಯ ತಂಡ 2003ರಲ್ಲಿ ಇದನ್ನು ತೋರಿಸಿತು. 'ನೋವು ಹೆಚ್ಚುತ್ತದೆ' ಎಂದು ಹೇಳಿಬಿಟ್ಟರೆ ಮೊದಲಿನ ಮದ್ದಿನ ರೂಢಿ ನೋವಿನ ಮಟ್ಟಿಗೆ ಕೆಲಸ ಮಾಡಲಿಲ್ಲ. ಹಾರ್ಮೋನಿನ ಮಾತು ಹಾಗಲ್ಲ. ಮೊದಲು ಅಸಲಿ ಮದ್ದು ಕೊಟ್ಟು ರೂಢಿ ಮಾಡಿಸಿದ್ದರೆ, ಬಾಯಲ್ಲಿ ಏನೇ ಹೇಳಲಿ, ಹುಸಿಮದ್ದಿಗೂ ಹಾರ್ಮೋನು ಏರಿಳಿಯಿತು. ಅರಿವಿಗೆ ಬರುವುದನ್ನು ಮಾತು ಆಳುತ್ತದೆ. ಅರಿವಿಗೆ ಬಾರದ್ದನ್ನು ರೂಢಿ.

ಇಷ್ಟು ಓದಿ ಕೈಗುಣದ ಭಕ್ತರಾಗಿಬಿಟ್ಟೀರಿ, ತಾಳಿ. 2011ರಲ್ಲಿ ಬಾಸ್ಟನ್ನಿನಲ್ಲಿ 39 ಮಂದಿ ದಮ್ಮಿನ ರೋಗಿಗಳ ಮೇಲೆ ಪ್ರಯೋಗ ನಡೆಯಿತು. ಅಸಲಿ ಪಂಪಿನಿಂದ ಉಸಿರಿನ ಅಳತೆ ಶೇಕಡ 20 ಹೆಚ್ಚಿತು. ಹುಸಿ ಪಂಪಿನಿಂದ, ತೋರಿಕೆಯ ಆಕ್ಯುಪಂಕ್ಚರಿನಿಂದ, ಏನೂ ಕೊಡದೆ ಇದ್ದಾಗ, ಮೂರರಲ್ಲೂ ಸುಮಾರು 7 ಮಾತ್ರ. 'ಎಷ್ಟು ಹಗುರಾಯಿತು?' ಎಂದು ಕೇಳಿದಾಗ ಮಾತ್ರ ಉತ್ತರ ಬೇರೆ: ಅಸಲಿಗೆ 50, ಹುಸಿ ಪಂಪಿಗೆ 45, ಆಕ್ಯುಪಂಕ್ಚರಿಗೆ 46, ಏನೂ ಇಲ್ಲದಾಗ 21. ಎದೆ ಹಗುರಾದದ್ದು ನಿಜ. ಉಸಿರಿನ ಕೊಳವೆ ತೆರೆಯದೇ ಇದ್ದದ್ದೂ ನಿಜ.

ನಮ್ಮ ಚಾಳಿನ ಅಜ್ಜಿಯೊಬ್ಬರು ಊರಿಂದ ತರಿಸಿದ ಪುಡಿ ನಂಬಿ ಒಂದು ಮಳೆಗಾಲ ಪಂಪನ್ನು ಕಪಾಟಿನೊಳಗೆ ಇಟ್ಟುಬಿಟ್ಟರು. "ಎದಿ ಹಗುರ ಆಗೇದ" ಎನ್ನುತ್ತಿದ್ದರು. ಅದು ಸುಳ್ಳಲ್ಲವೆಂದು ಈಗ ನನಗೆ ಗೊತ್ತು. ಆದರೂ ಒಂದು ನಡುರಾತ್ರಿ ಅವರನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಬೇಕಾಯಿತು. ಅಂದಿನಿಂದ ಪಂಪು ಕೈಗೆಟಕುವಲ್ಲಿ ಇರುತ್ತದೆ, ಪುಡಿಯೂ ಇರುತ್ತದೆ. ಪುಡಿಯಲ್ಲಿ ಏನೇನಿದೆ ಎಂದು ಡಾಕ್ಟರಿಗೆ ತೋರಿಸೋಣ ಅಜ್ಜಿ, ಎಂದೆ.

"ತೋರಿಸಿದ್ರ ಅದರ ಗುಣ ಹೋಗ್ತದಪಾ" ಎಂದರು.